ಆರೋ ಒಂಬತ್ತೋ

ಪುಟ್ಟಿಯ ಒಂದು ಜಡೆ ಹೆಣೆದು, ಇನ್ನೊಂದಕ್ಕೆ ತಾಯಿ ಕೂದಲನ್ನು ಮೂರು ಪಾಲು ಮಾಡಿದ್ದಳಷ್ಟೆ, ಫೋನ್ ಬಂತು. ತಾಯಿಯ ಅಪ್ಪ, ಪುಟ್ಟಿಯ ಅಜ್ಜ, ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು. ಬಾಚಣಿಗೆ ಕೈಯಿಂದ ಜಾರಿತು.

ಮಧ್ಯಾಹ್ನ ಅಪ್ಪನ ಮನೆಯಲ್ಲಿ ಜನ ತುಂಬಿದಾಗಲೂ ಪುಟ್ಟಿಗೆ ಒಂದೇ ಜಡೆ. ಬೆಳಿಗ್ಗೆಯಿಂದ ಅವಳ ಬಲಗೈಯ ಮುಷ್ಟಿ ಬಿಚ್ಚಿರಲಿಲ್ಲ.

“ಬಸ್ಸು ಕಣ್ಣೆದುರಿಗೆ ನಿಂತ್ರೂ ಸರ್ ಹತ್ತುತ್ತಿರಲಿಲ್ಲ,” ಅಂದಳು ಅಪ್ಪನ ಆಫೀಸಿನವಳು. “ಮೊದಲು ನಂಬರ್ ಓದಮ್ಮ ಅನ್ನೋರು ನನಗೆ.”

“ಮನೇಲೂ ಅಷ್ಟೇ ಕಣಮ್ಮ,” ಅಂದರು ಚಿಕ್ಕಪ್ಪ. “ಔಷಧಿ ಬಾಟ್ಲಿನೂ ಇನ್ನೊಬ್ರು ಓದಿ ಹೇಳ್ಬೇಕು. ಪ್ರಾಣ ತಿಂದ್ಬಿಟ್ಟ ನಮ್ಮಣ್ಣ.” ನಗಲು ಹೋಗಿ ಕಣ್ಣೊರೆಸಿಕೊಂಡರು.

ಆಫೀಸಿನವಳು ದನಿ ತಗ್ಗಿಸಿದಳು. “ಅಕ್ಕ, ನಿನ್ನೆ ಸರ್ ಸೇರಿಸಿದ ಡಿಸ್ಕ್ ಚೆನ್ನಾಗಿ ಓಡ್ತಿದೆ. ಒಂದು ಹಾಳೆನೂ ಕಳೆದಿಲ್ಲ.”

ತಾಯಿ ತಲೆಯಾಡಿಸಿದಳು. ಇವತ್ತು ಯಾರಿಗೆ ಬೇಕಾಗಿತ್ತು ಡಿಸ್ಕು?

* * *

ಅಪ್ಪನದು ಆಫೀಸಿನ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರನ್ನು ನೋಡಿಕೊಳ್ಳುವ ಕೆಲಸ. ಅಚ್ಚಾಗಲು ಸರದಿ ಕಾಯುವ ಪತ್ರ, ಪಟ್ಟಿ ಎಲ್ಲ ಸ್ಪೂಲ್ ಡಿಸ್ಕುಗಳಲ್ಲಿ ಕೂತಿರುತ್ತವೆ. ಅವು ತುಂಬಿದರೆ ಇಡೀ ಯಂತ್ರ ಉಸಿರುಕಟ್ಟಿದಂತೆ ನಿಂತುಬಿಡುತ್ತದೆ. ಅದಕ್ಕೆ ಮೊದಲೇ ಇನ್ನೊಂದು ಡಿಸ್ಕನ್ನು ಪೂರ್ತಿ ಅಳಿಸಿ, ಅಣಿಮಾಡಿ ಸೇರಿಸಬೇಕು. ವಯಸ್ಸಿನಲ್ಲಿದ್ದಾಗ ಅಪ್ಪ ಒಮ್ಮೆ ಒಂದಂಕಿ ತಪ್ಪಿ, ಬಳಕೆಯಲ್ಲಿದ್ದ ಡಿಸ್ಕನ್ನೇ ಅಳಿಸಿದ್ದರು. ಅಂದಿನಿಂದ ತಾವು ಬರೆದ ನಂಬರನ್ನು ತಾವೇ ಓದಿಕೊಂಡವರಲ್ಲ.

ನಿನ್ನೆ ಭಾನುವಾರ, ಲ್ಯಾಪ್‌ಟಾಪ್ ಮುಂದೆ ಕೂತು ಮೊಮ್ಮಗಳ ಕೈಗೆ ಹೊಸ ಡಿಸ್ಕಿನ ನಂಬರ್ ಬರೆದ ಚೀಟಿ ಕೊಟ್ಟಿದ್ದರು.

“ಎಂಟು, ಒಂದು, ಸೊನ್ನೆ...” ಪುಟ್ಟಿ ತಡವರಿಸಿದಳು. “ಆರು.”

“ಸರಿಯಾಗಿ ನೋಡು ಕಂದ. ತಪ್ಪಾದ್ರೆ ಇರೋದೆಲ್ಲ ಅಳಿಸಿಹೋಗುತ್ತೆ.”

“ಆರು, ಅಜ್ಜ.”

ಅಪ್ಪ ಗುಂಡಿ ಒತ್ತಿದರು.

* * *

ಎಲ್ಲ ಮುಗಿಸಿ ಸಂಜೆ ಮನೆಗೆ ಬಂದರೆ ಬಾಚಣಿಗೆ ಬೆಳಿಗ್ಗೆ ಬಿದ್ದಲ್ಲೇ ಇತ್ತು. ತಾಯಿ ಅದನ್ನೆತ್ತಿಕೊಂಡು, ಮಗಳನ್ನು ಮುಂದೆ ಕೂರಿಸಿ ಮೆಲ್ಲಗೆ ಸಿಕ್ಕು ಬಿಡಿಸಿದಳು. ಮತ್ತೆ ಮೂರು ಪಾಲು ಮಾಡಿದಳು.

ಆಗ ಮುಷ್ಟಿ ಬಿಚ್ಚಿತು. ಬೆವರಿಗೆ ಮೆತ್ತಗಾದ ಚೀಟಿ. ಪುಟ್ಟಿ ಅದನ್ನು ಮೊಣಕಾಲ ಮೇಲಿಟ್ಟು ಸುಕ್ಕು ತೀಡಿದಳು. ನೇರ ಹಿಡಿದಳು, ತಲೆಕೆಳಗು ಮಾಡಿದಳು, ಮತ್ತೆ ನೇರ ಹಿಡಿದಳು.

“ಅಮ್ಮ, ಇದು ಒಂಬತ್ತಾ? ನಾನು ತಪ್ಪು ಓದಿದ್ದಕ್ಕೆ ಅಜ್ಜ ಅಳಿಸಿಹೋದ್ರಾ?”