ಒಳಗೆ ಹಿಡಿಯಿಲ್ಲದ ಬಾಗಿಲು

ಚೀನಾದ ತಿಯಾಂಜಿನ್ ನಗರದ ಉತ್ತರತಾರೆ ಕಾರು ಕಾರ್ಖಾನೆಯ ಪ್ರದರ್ಶನ ಮಂದಿರ. ಎಂಬತ್ತೆಂಟರ ಲುವಾನ್ ಮೇಸ್ತ್ರಿಯನ್ನು ಕಾರ್ಖಾನೆಯ ಮೊಟ್ಟಮೊದಲ ಕಪ್ಪು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಬಾಗಿಲು ಹಾಕಿ, ಫೋಟೋ ತೆಗೆದು, ಎಲ್ಲರೂ ಊಟಕ್ಕೆ ಹೋಗಿಬಿಟ್ಟರು.

ಮುದುಕ ಬಾಗಿಲು ತಡವಿದ. ಹಿಡಿ ಸಿಗಲಿಲ್ಲ. ಸಿಗುವುದಾದರೂ ಹೇಗೆ? ಸುತ್ತಿಗೆಯಲ್ಲಿ ಬಡಿದು ಬಡಿದು ಆ ಬಾಗಿಲು ಕೂರಿಸಿದವನೇ ಅವನು. ಅವನ ಪ್ರಾಯದ ದಿನಗಳ ಮಾತು; ಆ ಕಾರು ಹೊರಡಬೇಕಿದ್ದ ರಾಷ್ಟ್ರೀಯ ದಿನದ ಮೆರವಣಿಗೆಗೆ ಎರಡೇ ದಿನ ಬಾಕಿ ಇತ್ತು. ಜೊತೆಗಾರ ಝಾಯ್, "ಒಳಗಡೆ ಹಿಡೀನೇ ಹಾಕ್ಲಿಲ್ವಲ್ಲೋ!" ಅಂದಿದ್ದ.

"ಹಿಂದೆ ಕೂರೋರು ದೊಡ್ಡೋರು ಕಣಯ್ಯಾ. ಅವ್ರು ಯಾವತ್ತಾದ್ರೂ ತಾವೇ ಬಾಗ್ಲು ತೆಗ್ದಿದ್ದು ನೋಡಿದೀಯಾ?" ಎಂದು ಲುವಾನ್ ನಕ್ಕಿದ್ದ.

ಈಗ ಮುಂದಿನ ಸೀಟಿಗೆ ದಾಟೋಣವೆಂದರೆ ನಡುವೆ ಗಾಜಿನ ಗೋಡೆ. ಅದನ್ನು ಕೂರಿಸಿದವನೂ ಅವನೇ. ಕಿಟಕಿ ಬಡಿದ. ಕಾವಲಿಗೆ ಉಳಿದಿದ್ದ ಹೆಂಗಸು ತಿರುಗಿ ನೋಡಿ ಕೈ ಬೀಸಿದಳು. "ಮೇಸ್ತ್ರಿ ತಾತ, ಮಂತ್ರಿ ಇದ್ದಂಗ್ ಕಾಣ್ತೀರಿ!" ಎಂದು ಕೂಗಿ ತಾನೂ ಊಟಕ್ಕೆ ನಡೆದಳು.

ಗಾಜಿನಾಚೆ ಅವನ ಆಯುಷ್ಯವೇ ಸಾಲಾಗಿ ನಿಂತಿತ್ತು: ಹಸಿರು ಲಾರಿ, ಊರೆಲ್ಲ ಟ್ಯಾಕ್ಸಿಯಾಗಿ ಸವೆದ ಕೆಂಪು ಕಾರು, ಪಕ್ಕದಲ್ಲೇ, ಬಾಯಲ್ಲಿ ಹೇಳಿದ್ದನ್ನೆಲ್ಲ ಮಾಡುವ ಈ ವರ್ಷದ ವಿದ್ಯುತ್ ಕಾರು.

"ಯಾರ್ರೀ ಅಲ್ಲಿ? ಬಾಗ್ಲು ತೆಗೀರಿ!" ಎಂದು ಲುವಾನ್ ಗಂಟಲು ಹರಿಯುವಂತೆ ಅರಚಿದ.

"ಆಗಲಿ, ಸ್ವಾಮಿ," ಎಂದಿತು ವಿದ್ಯುತ್ ಕಾರು. ತನ್ನ ನಾಲ್ಕೂ ಬಾಗಿಲು ತೆರೆದು, ವಿನಯದಿಂದ ಕಾಯುತ್ತ ನಿಂತಿತು.