ಸ್ಟೆಪ್ನಿಯ ಗಾಳಿ

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿದ್ದೇ ತಡ, ಅಳಿಯನ ಕಾಲು ಬ್ರೇಕಿಗೆ ಹೋಯಿತು. ಹಿಂದಿನ ಸೀಟಿನಲ್ಲಿ ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಹೆಂಡತಿ ಯಾಕೆಂದು ಕೇಳಿದಳು. ಯಾವುದೋ ಟೈರಿನಲ್ಲಿ ಗಾಳಿ ಕಮ್ಮಿ ಅಂತ ತೋರಿಸುತ್ತಿದೆ ಎಂದ.

"ಅಮ್ಮನ ಉಸಿರು ಹೇಗಿದೆ ನೋಡಿ. ನಿಲ್ಲಿಸ್ಬೇಡಿ," ಎಂದಳು.

ಆಸ್ಪತ್ರೆಯವರು ಹಿಂದಿನ ಸಂಜೆಯೇ ಕೈಚೆಲ್ಲಿದ್ದರು. ಮನೆಯಲ್ಲಿ ಮಾವ ಹಾಸಿಗೆ ಹಿಡಿದು ವರ್ಷವಾಗಿತ್ತು, ಎದ್ದು ಬರಲಾರರು. ಒಮ್ಮೆ ಅವರ ಮುಖ ನೋಡಿಬಿಟ್ಟರೆ ಸಾಕು ಎಂದು ಅತ್ತೆ ಜೀವ ಬಿಗಿಹಿಡಿದುಕೊಂಡಿದ್ದರು. ಅದಕ್ಕೇ ನಸುಕಿನಲ್ಲಿ ಹೊರಟಿದ್ದು.

ಅಳಿಯ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವವನು. ದೀಪ ಹತ್ತಿದರೆ ಮೊದಲು ನಿಲ್ಲಿಸು, ಆಮೇಲೆ ಯೋಚಿಸು ಎಂಬುದು ಮೈಗೂಡಿದ ಪಾಠ. ಹಾಕಿದ ಬೀಗವನ್ನು ಮತ್ತೆ ಮತ್ತೆ ಜಗ್ಗಿ ನೋಡುವ ಆಸಾಮಿ. ಹೆಂಡತಿಯ ತವರಿನವರೆಲ್ಲ 'ಜೋಪಾನದ ಭಾವ' ಎಂದು ಆಡಿಕೊಳ್ಳುವಾಗ, ನಗುವವರು ನಗಲಿ, ನನ್ನ ಮಗಳು ಸುಖವಾಗಿರುವುದು ಆ ಜೋಪಾನದಿಂದಲೇ ಎಂದು ಅವನ ಪರ ನಿಲ್ಲುತ್ತಿದ್ದವರು ಈ ಅತ್ತೆಯೊಬ್ಬರೇ. ಅವರನ್ನು ಮಲಗಿಸಿಕೊಂಡು ಹೋಗುವಾಗ ಟೈರು ಸಿಡಿದರೆ? ಪೆಟ್ರೋಲ್ ಬಂಕ್ ಕಂಡಿತು, ಒಳಗೆ ತಿರುಗಿಸಿದ.

ಗಾಳಿ ಹಾಕುವವನು ಟೀ ಕುಡಿಯಲು ಹೋಗಿದ್ದ. ಅಳಿಯನೇ ಪೈಪು ಎಳೆದುಕೊಂಡು ಒಂದೊಂದೇ ಟೈರನ್ನು ಅಳೆದ. ನಾಲ್ಕರಲ್ಲೂ ಒಂದೇ ಸಮ, ತುಸುವೇ ಕಮ್ಮಿ. ರಾತ್ರಿಯ ಚಳಿಗೆ ಗಾಳಿ ಕುಗ್ಗಿತ್ತು, ಅಷ್ಟೆ. ನಾಲ್ಕಕ್ಕೂ ತುಂಬಿದ. ಹೆಂಡತಿ ಗಾಜು ಇಳಿಸಿ, "ಆಯ್ತೇನ್ರೀ?" ಎಂದಳು. ಬಗ್ಗಿ ನೋಡಿದರೆ ದೀಪ ಇನ್ನೂ ಉರಿಯುತ್ತಿತ್ತು. ಒಂದಷ್ಟು ದೂರ ಓಡದೆ ಅದು ಆರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಆದರೂ ಸ್ಟೆಪ್ನಿಯದೇ ತೊಂದರೆಯಿದ್ದರೆ ಎಂಬ ಹುಳ ತಲೆ ಹೊಕ್ಕಿತು. ಈಗ ಬಂದೆ ಎಂದ.

ಡಿಕ್ಕಿ ತೆರೆದು ಆಸ್ಪತ್ರೆಯಿಂದ ತಂದ ಚೀಲ, ಫ್ಲಾಸ್ಕು, ಬಕೆಟ್ಟು, ಕಂಬಳಿಯ ಗಂಟು ಎಲ್ಲವನ್ನೂ ನೆಲಕ್ಕಿಳಿಸಿದ. ತಳದಲ್ಲಿದ್ದ ಸ್ಟೆಪ್ನಿಯನ್ನು ಅಳೆದ. ಅದರಲ್ಲಿ ಗಾಳಿ ಸರಿಯಾಗಿಯೇ ಇತ್ತು. ಮನಸ್ಸು ನಿರಾಳವಾಯಿತು. ಫ್ಲಾಸ್ಕು ಉರುಳದಂತೆ ಚೀಲಕ್ಕೆ ಒತ್ತರಿಸಿ, ಸಾಮಾನೆಲ್ಲ ಮೊದಲಿದ್ದಂತೆಯೇ ಜೋಡಿಸಿಟ್ಟ.

ಬಂದು ಕೂತು, "ಎಲ್ಲಾ ಸರಿಯಾಗಿದೆ ಕಣೇ," ಎಂದ. ಹಿಂತಿರುಗಿ ನೋಡಿದ. ಅವಳು ತಾಯಿಯ ಬಾಯಿ ತೆರೆದುಕೊಳ್ಳದಂತೆ ಗಲ್ಲವನ್ನು ಅಂಗೈಯಿಂದ ಒತ್ತಿ ಹಿಡಿದಿದ್ದಳು.

"ಡಿಕ್ಕಿ ತೆಗೆದ್ರಲ್ಲ, ಆಗ," ಎಂದಳು. "ಮನೆ ಬಂತಾ ಅಂತ ಕೇಳಿದ್ರು. ಹೂಂ ಅಂದೆ."

ಅವನು ಎಂದೂ ಓಡಿಸದಷ್ಟು ಜೋರಾಗಿ ಕಾರನ್ನು ರಸ್ತೆಗೆ ನುಗ್ಗಿಸಿದ.

"ಈಗ್ಯಾಕೆ ಓಡಿಸ್ತೀರಿ?" ಎಂದಳು ಅವಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ. "ನಿಧಾನಕ್ಕೆ ಹೋಗಿ. ಅಪ್ಪ ಇನ್ನೊಂದ್ಸ್ವಲ್ಪ ಹೊತ್ತು ಕಾಯ್ತಾ ಇರ್ಲಿ."

ಅವನು ಕಾಲು ಸಡಿಲಿಸಿದ. ಹಿಂದಿನಿಂದ ಬಂದ ಲಾರಿಗಳು ಹಾರ್ನ್ ಹಾಕುತ್ತ, ಒಂದೊಂದಾಗಿ ಅವರನ್ನು ದಾಟಿಕೊಂಡು ಹೋದವು.