ಮೋಡಕ್ಕೆ ಕಣ್ಣುರಿ

"ನಿನ್ನ ಒಲೆ ಹೊಗೆಗೆ ಮೋಡಕ್ಕೆ ಕಣ್ಣುರಿ ಬಂದೈತಲ್ಲೇ ಮುಂಡೆ! ಅದ್ಕೇ ಜಗಳೂರಿಗೆ ಮಳೆ ಬರ್ತಿಲ್ಲ!"

ಫಾರೆಸ್ಟ್ ಗಾರ್ಡ್ ವಿರೂಪಾಕ್ಷಪ್ಪ ಹೀಗಂದು ದುರುಗಕ್ಕನ ಕೈಯಿಂದ ಕೊಡಲಿ ಕಿತ್ತುಕೊಂಡ. ತಲೆ ಮೇಲಿದ್ದ ಸೌದೆ ಹೊರೆಯನ್ನೂ ತಳ್ಳಿ ಬೀಳಿಸಿದ.

"ಮೋಡಕ್ಕೆ ಕಣ್ಣು ಯಾವಾಗ ಬಂತೋ ನನ್ನಪ್ಪಾ?"

"ಅಜ್ಜಾರು ಹೇಳ್ಯಾರೆ. ನೀನೇನು ಅಜ್ಜಾರಿಗಿಂತ ದೊಡ್ಡಾಕೇನಾ?"

ಮಠದ ಅಜ್ಜಾರು ಹೇಳಿದ್ದು ನಿಜ. ಎಂಬತ್ತೈದರ ಆ ಬೇಸಿಗೆಯಲ್ಲಿ ಊರೂರಿಗೆ ಹೋಗಿ ಅದನ್ನೇ ಹೇಳುತ್ತಿದ್ದರು. ಕೇರಿಯವರು ಹಸಿ ಗಿಡ ಕಡಿದು ಹೊಗೆ ಎಬ್ಬಿಸುತ್ತಾರೆ, ಹೊಗೆ ಕಂಡ ಮೋಡ ಊರು ಬಿಟ್ಟು ಹೋಗುತ್ತದೆ. ಎಮ್ಮೆಲ್ಲೆ ಮುರುಗೇಶಪ್ಪನವರು ಅದಕ್ಕೆ ತಮ್ಮದೂ ಒಂದು ಸೇರಿಸುತ್ತಿದ್ದರು: ಈಗ ಮೇಲಿರುವುದು ಹಿಂದಿನ ಸರ್ಕಾರದ ಹೊಗೆ, ತಮ್ಮ ಸರ್ಕಾರದ ಹೊಗೆ ಇನ್ನೂ ಅಷ್ಟು ಎತ್ತರಕ್ಕೆ ಹೋಗಿಯೇ ಇಲ್ಲ. ಕೇಳಿದವರು ತಲೆ ಆಡಿಸುತ್ತಿದ್ದರು. ತಲೆ ಆಡಿಸಲು ಖರ್ಚೇನೂ ಇಲ್ಲವಲ್ಲ.

ದುರುಗಕ್ಕನಿಗೆ ಹೊಗೆಯ ಚಿಂತೆ ಇರಲಿಲ್ಲ, ಕೊಡಲಿಯ ಚಿಂತೆ. ಹೊಲವಿಲ್ಲ, ಗಂಡನಿಲ್ಲ. ಹೋಟೆಲಿಗೆ ಒಂದು ಹೊರೆ ಸೌದೆ ಹಾಕಿದ ದಿನ ಮುದ್ದೆ, ಹಾಕದ ದಿನ ಬರೀ ನೀರು.

"ಕೊಡಲಿ ಬೇಕಂದ್ರೆ ಸೋಮವಾರ ಮಠದ ಸಭೆಗೆ ಬಾ," ಎಂದ ವಿರೂಪಾಕ್ಷಪ್ಪ. "ಇನ್ಮ್ಯಾಲೆ ಗಿಡ ಮುಟ್ಟಲ್ಲ ಅಂತ ನಿಮ್ಮ ದುರುಗಮ್ಮನ ಮ್ಯಾಲೆ ಆಣೆ ಇಟ್ಟು ತಗಂಡು ಹೋಗು."

"ಗಿಡ ಮುಟ್ಟಂಗಿಲ್ಲ ಅಂದ್ರೆ ಕೊಡಲಿ ತಗಂಡು ಏನ್ ಬೆನ್ನು ಕೆರಕಣ್ಲಾ?"

ಸೋಮವಾರ ಮಠದ ಮುಂದೆ ಚಪ್ಪರ ಎದ್ದಿತ್ತು. ಅಜ್ಜಾರು, ಎಮ್ಮೆಲ್ಲೆ, ಊರವರು ನೆರಳಿನಲ್ಲಿ, ಕೇರಿಯವರು ಬಿಸಿಲಿನಲ್ಲಿ. ಮಠದ ವಿಭೂತಿಗೆ ಈ ಜನ ಹೆದರುವುದಿಲ್ಲವೆಂದು ಕೇರಿಯ ದುರುಗಮ್ಮನ ಅರಿಶಿನ ಭಂಡಾರದ ಮಡಕೆಯನ್ನೇ ತರಿಸಿದ್ದರು. ಪೂಜಾರಿ ಬೈಲಪ್ಪ ಅದನ್ನು ಹೊತ್ತು ನಡೆದ ಜಾಗಕ್ಕೆಲ್ಲ ಹಿಂದಿನಿಂದ ಮಠದ ಆಳೊಬ್ಬ ನೀರು ಚಿಮುಕಿಸುತ್ತಾ ಬಂದ. ಆ ಮಡಕೆ ತರಿಸಿದ್ದೇ ದೊಡ್ಡವರು ಎಡವಿದ್ದು.

"ಆಣೆ ಇಡಿಸೋರು ಮೊದ್ಲು ಕೈ ಅದ್ದಬೇಕು ಬುದ್ಧಿ," ಎಂದ ಬೈಲಪ್ಪ. "ತಾವು ಹಸಿ ಗಿಡ ಕಡಿಸಿಲ್ಲ, ಸುಟ್ಟಿಲ್ಲ ಅಂತ ಅವ್ರು ಹೇಳಿದ ಮ್ಯಾಲೆ ನಮ್ಮೋಳು ಹೇಳ್ತಾಳೆ. ಅಮ್ಮನ ಕಟ್ಟಳೆ. ಸುಳ್ಳು ಹೇಳಿದ್ರೆ ಕೈ ಸೇದಿ ಹೋಗ್ತಾವೆ."

ಮುರುಗೇಶಪ್ಪನವರು ನಕ್ಕರು. ವಿಧಾನಸೌಧದಲ್ಲಿ ಪ್ರಮಾಣ ಮಾಡಿ ಅರಗಿಸಿಕೊಂಡವರಿಗೆ ಈ ಮಡಕೆ ಯಾವ ಲೆಕ್ಕ! ತೋಳು ಮೇಲೇರಿಸಿ ಕೈ ಚಾಚಿದರು.

"ನೋಡ್ಕಂಡು ಹೇಳ್ರಿ ಸಾಹುಕಾರ್ರೆ," ಎಂದಳು ದುರುಗಕ್ಕ. "ನಿಮ್ಮ ಇಟ್ಟಿಗೆ ಗೂಡಿಗೆ ಹಸಿ ಕಟ್ಟಿಗೆ ಹೊತ್ತು ಹಾಕ್ದೋಳು ನಾನೇ."

ಕೈ ಮಡಕೆಯ ಮೇಲೇ ನಿಂತಿತು. ಎಮ್ಮೆಲ್ಲೆ ಅದನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡರು. ಉಂಗುರದ ಕೈ, ಚೆನ್ನಾಗಿಯೇ ಇತ್ತು. ಸುಮ್ಮನೆ ಅದರಿಂದ ತಲೆ ಕೆರೆದುಕೊಂಡರು. ಅಷ್ಟರಲ್ಲಿ ದಾವಣಗೆರೆಯಲ್ಲಿ ಮೀಟಿಂಗ್ ಇರುವುದು ನೆನಪಾಯಿತು.

"ವೋಟಿಗೆ ಬಂದಾಗ ನಮ್ಮನೆ ಮುದ್ದೆ ಮುರಿದ್ರಲ್ರೀ, ಈಗ ನಮ್ಮ ಮಡಕೆ ಮೈಲಿಗೆ ಆತಾ?" ಬಿಸಿಲಿನಿಂದ ಯಾರೋ ಕೂಗಿದರು. ಜೀಪು ಆಗಲೇ ಧೂಳೆಬ್ಬಿಸಿತ್ತು.

ಮಡಕೆ ಅಜ್ಜಾರ ಕಡೆ ತಿರುಗಿತು.

"ನಾವು ಸನ್ಯಾಸಿಗಳು," ಎಂದರು ಅಜ್ಜಾರು ಗಂಭೀರವಾಗಿ. "ಹೆಂಡತಿ ಮಕ್ಕಳಿಲ್ಲ. ನಮಗೆ ಆಣೆ ತಟ್ಟುವುದಿಲ್ಲ."

"ಕೈ ಅದಾವಲ್ಲ ಅಜ್ಜಾರೆ!" ಎಂದಳು ದುರುಗಕ್ಕ.

ನೆರಳಿನಲ್ಲಿದ್ದ ಹೆಂಗಸರೂ ಸೆರಗು ಬಾಯಿಗಿಟ್ಟು ನಕ್ಕರು. ಮಠದ ಅಡುಗೆಮನೆಯ ಹಿಂದೆ ಗಾಡಿಗಟ್ಟಲೆ ಸೌದೆ ಒಟ್ಟಿದ್ದು ಅಲ್ಲಿ ಯಾರಿಗೆ ಗೊತ್ತಿರಲಿಲ್ಲ? ಅಜ್ಜಾರು ಮಡಕೆ ನೋಡಿದರು, ಜನರನ್ನು ನೋಡಿದರು, ಆಮೇಲೆ ಕಣ್ಣು ಮುಚ್ಚಿ ಧ್ಯಾನಕ್ಕೆ ಹೋಗಿಬಿಟ್ಟರು.

"ಸಭೆ ಮುಗೀತು, ಎದ್ದೇಳ್ರಿ," ಎಂದ ವಿರೂಪಾಕ್ಷಪ್ಪ.

"ನನ್ನ ಕೊಡಲಿ?"

"ಆಣೆ ಇಟ್ಟಿಲ್ಲ, ಕೊಡಲಿ ಇಲ್ಲ."

ದುರುಗಕ್ಕನಿಗೆ ಮೈಯೆಲ್ಲ ಉರಿಯಿತು. ಬೈಲಪ್ಪನ ಕೈಯಿಂದ ಮಡಕೆ ತೆಗೆದುಕೊಂಡು ನೇರವಾಗಿ ಗಾರ್ಡಿನ ಹತ್ತಿರ ಹೋದಳು. "ನೀನಾರ ಮುಟ್ಟೋ. ಯಾರ ಹತ್ರಾನೂ ಸೌದೆ ಲಂಚ ತಿಂದಿಲ್ಲ ಅಂತ ಹೇಳೋ." ಅವಳು ಮುಂದೆ ಬಂದಷ್ಟೂ ವಿರೂಪಾಕ್ಷಪ್ಪ ಹಿಂದೆ ಸರಿದ. ಚಪ್ಪರದ ಕಂಬಕ್ಕೆ ಬೆನ್ನು ತಾಗಿದಾಗ ಹಿಡಿದಿದ್ದ ಕೊಡಲಿ ಕೆಳಗೆ ಹಾಕಿ ಕೈ ಎರಡನ್ನೂ ಕಂಕುಳಲ್ಲಿ ಅಡಗಿಸಿಕೊಂಡ.

ಮಡಕೆಯನ್ನು ಬೈಲಪ್ಪನಿಗೆ ಕೊಟ್ಟು ಅವಳು ಕೊಡಲಿ ಎತ್ತಿಕೊಂಡಳು. ಆಗ ಕಂಬ ಕಂಡಿತು. ಹಸಿ ಬೇವು, ತೊಗಟೆ ಇನ್ನೂ ಬಾಡಿರಲಿಲ್ಲ. ಚಪ್ಪರದ ಕಂಬಗಳೆಲ್ಲ ಹಾಗೇ ಇದ್ದವು.

"ಬಾಡ್ಕೋವ್‌ಗಳಾ!" ಎಂದು ಅಂಗೈಗೆ ಉಗುಳಿಕೊಂಡಳು. ಮೊದಲ ಏಟಿಗೆ ಚಪ್ಪರ ಅಲುಗಿತು, ಅಜ್ಜಾರ ಒಂದು ಕಣ್ಣು ತೆರೆಯಿತು.

"ಲೇ ದುರುಗಿ, ಕೇಸಾಗುತ್ತೆ!" ಎಂದು ಕೂಗಿದ ವಿರೂಪಾಕ್ಷಪ್ಪ.

"ಹಾಕೋ! ಈ ಗಿಡ ಮೊದ್ಲು ಕಡಿದೋರ ಹೆಸ್ರೂ ಬರಿ, ನೋಡಾನ."

ಮುಂದಿನ ಏಟಿಗೆ ಅಜ್ಜಾರು ಪಾದುಕೆ ಬಿಟ್ಟು ಮಠದೊಳಗೆ ಓಡಿದರು. ಕೇರಿಯ ಹೆಂಗಸರು ಬಿಸಿಲಿನಿಂದ ಎದ್ದು, ಸೆರಗು ಬಿಗಿದು, ಒಬ್ಬೊಬ್ಬರಾಗಿ ಉಳಿದ ಕಂಬಗಳ ಬುಡಕ್ಕೆ ಕೈ ಹಾಕಿದರು.